ಜರಾನಾ ಪಾಠಕ್ಕೆ ಇಪ್ಪತ್ಮೂರು ಜನ

ತಾತ,

ನಾನು ಮೀನಿನಂಗಡಿಗೆ ಹೊರಟೆ. ಹತ್ತು ಗಂಟೆಗೆ ಫೋನಿನ ಹಸಿರು ಗುಂಡಿ ಒತ್ತು, ಕಲಿಯೋರೆಲ್ಲ ಪರದೆ ಮೇಲೆ ಬರ್ತಾರೆ.

ಯಾರ ಸದ್ದೂ ಕೇಳಿಸಲ್ಲ. ಎಲ್ಲರ ಮೈಕೂ ನಾನೇ ಆಫ್ ಮಾಡಿಸಿದ್ದೀನಿ. ಇಲ್ಲದಿದ್ದರೆ ಒಬ್ಬೊಬ್ಬರ ಜರಾನಾ ತಂತಿ ಒಂದೊಂದು ಹೊತ್ತಿಗೆ ಕೇಳಿಸಿ ಸಂತೆಯಾಗುತ್ತೆ. ಮೊನ್ನೆ ಹುಡುಗರ ಜೊತೆ ಫೋನ್ ಪರೀಕ್ಷಿಸಿದಾಗಿನ ಹಾಗೆ, ಸದ್ದಿಲ್ಲ ಅಂತ "ಕೈಗೆ ಲಕ್ವ ಹೊಡೆದಿದೆಯೇನ್ರೋ?" ಅಂತ ಬೈಬೇಡ. ಬೆರಳು ನೋಡು, ತಪ್ಪು ನಿನಗೇ ಗೊತ್ತಾಗುತ್ತೆ.

ಒಬ್ಬೊಬ್ಬರ ಮೈಕ್ ಹಾಕಿಸಿ ಅಜ್ಜಿ, ಹಸು, ಊರು ಅಂತ ವಿಚಾರಿಸ್ತಾ ಕೂರಬೇಡ. ಇರೋದು ಒಂದೇ ಗಂಟೆ.

ಪೋಸ್ಟರಲ್ಲಿ "ಮೇಷ್ಟ್ರು ಎಲಾದಿಯೊ" ಅಂತ ಹಾಕಿದ್ದಕ್ಕೆ ರೇಗಿದೆಯಲ್ಲ, ಐವರು ಬಂದರೆ ಹೆಚ್ಚು ಅಂದೆಯಲ್ಲ? ಇಪ್ಪತ್ಮೂರು ಜನ ತಾತ! ನಮ್ಮ ವೆರಾಕ್ರುಸ್‌ನ ಈ ಪುಟ್ಟ ಗಿಟಾರು, ಜರಾನಾ, ಕಲಿಯೋಕೆ ಚಿಲಿಯಿಂದಲೂ ಒಬ್ಬಳು!

ಪಟ್ಟಿಯ ಕೊನೇ ಹೆಸರು ನೋಡಿ ನಗಬೇಡ. ಚಿಕ್ಕವಳಿದ್ದಾಗ ಜರಾನಾ ಬಿಸಾಕಿ ಓಡಿದವಳೇ, ಮೀನಿನಂಗಡಿಯಲ್ಲಿ ಕೈ ತೊಳೆದು ಫೋನ್ ಮುಂದೆ ಕೂತಿರ್ತಾಳೆ. ಅವಳಿಗೆ ಮಾತ್ರ ಚೆನ್ನಾಗಿ ಬೈ.

ನೆರೆಯ್ದಾ