ಲಾ ತಿನಾಹಾ ತಿರುವಿನಲ್ಲಿ ಮೂರನೇ ಗೇರ್

ಫೆಬ್ರವರಿ 12, ಸೋಮವಾರ

ಪ್ಲೇಟ್ ಇವತ್ತೂ ಕೂರಲಿಲ್ಲ. ಎರಡು ತೂತು ಕೂದಲೆಳೆಯಷ್ಟು ಆಚೀಚೆ. ಮತ್ತೆ ಲಿನೊನ ಲೇತ್‌ಗೆ ಹೊತ್ತುಕೊಂಡು ಹೋದೆ. ಎಂಜಿನ್ ಒಂದು ಕಾಲದ್ದು, ಗೇರ್‌ಬಾಕ್ಸ್ ಇನ್ನೊಂದು ಕಾಲದ್ದು. ನಡುವೆ ಈ ದಪ್ಪ ಉಕ್ಕಿನ ತಟ್ಟೆ ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಮುಖ ಕೊಡುವುದಿಲ್ಲ.

ಲಿನೊ ಬೈದ. "ಲೇ ಆರ್ಸೇನಿಯೊ, ಕೂರಿಸ್ತಿರೋದು ಲಾರಿ ಎಂಜಿನ್ನು. ಗೇರ್‌ಬಾಕ್ಸೂ ಲಾರೀದೇ ಹಾಕ್ಕೋ ಮಾರಾಯ. ನಿಮ್ಮಪ್ಪನ ಕಾಲದ ಈ ಮೂರು ಗೇರಿನ ಡಬ್ಬ ಅದರ ಎಳೆತ ತಡೆಯುತ್ತಾ? ಹಲ್ಲು ಉದುರಿ ಕೈಗೆ ಬರುತ್ತೆ."

"ಅಪ್ಪ ಐವತ್ತೊಂದರಲ್ಲಿ ಕಾರು ತಂದಾಗಿನಿಂದ ಅದನ್ನ ಒಬ್ಬರೂ ಬಿಚ್ಚಿಲ್ಲ. ಅದು ಇರುತ್ತೆ."

"ಹಾಗಾದ್ರೆ ಕ್ಲಚ್ ಬಿಡುವಾಗ ಮಲಗಿರೋ ಮಗೂನ ದಾಟೋ ಹಾಗೆ ಬಿಡು."

ಹಳೇ ಪೆಟ್ರೋಲ್ ಎಂಜಿನ್ ಸತ್ತು ಐದು ತಿಂಗಳು. ಟ್ಯಾಕ್ಸಿ ಬಾಡಿಗೆ ಇಲ್ಲ. ಒನೇಲಿಯಾ ಏನೂ ಅನ್ನುವುದಿಲ್ಲ. ಹೆಂಡತಿ ಏನೂ ಅನ್ನದಿರುವುದೇ ಕಷ್ಟ.

ಫೆಬ್ರವರಿ 15

ಎಂಜಿನ್ ಯಾರದು ಅಂತ ಇಲ್ಲೂ ಬರೆದಿರಲಿಲ್ಲ. ಬರೆಯುತ್ತೇನೆ.

ಗೆಳೆಯ ಎವೆಲಿಯೊನ ದೋಣಿಯದು. ಲಾರಿಯ ಡೀಸೆಲ್ ಎಂಜಿನ್ನನ್ನೇ ದೋಣಿಗೆ ಹಾಕಿಕೊಂಡಿದ್ದ. ಹೋದ ಡಿಸೆಂಬರಿಗಿಂತ ಹಿಂದಿನ ಡಿಸೆಂಬರ್. ಎರಡು ದಿನ ಆದ ಮೇಲೆ ಬೆಸ್ತರಿಗೆ ಸಮುದ್ರದ ಮಧ್ಯೆ ದೋಣಿ ಸಿಕ್ಕಿತು. ಎಂಜಿನ್ ಓಡುತ್ತಲೇ ಇತ್ತಂತೆ, ನ್ಯೂಟ್ರಲ್‌ನಲ್ಲಿ. ಬಲೆ ಒಣಗಿದ್ದು, ಮಡಿಚಿಟ್ಟಿದ್ದು. ಮನುಷ್ಯ ಇಲ್ಲ. ಮೀನಿಗೆ ಹೋದವನು ಮುಳುಗಿದ ಅಂದರು ನಮ್ಮ ಸಾಂತಾ ಕ್ರೂಸಿನ ಜನ. ಬೇರೆ ಏನನ್ನಬೇಕು.

ದೋಣಿ ಒಡೆದು ಹೋಯಿತು. ಎಂಜಿನ್ ಮಾತ್ರ ಅವನ ಹೆಂಡತಿ ಸೊಬೇಯ್ದಾಳ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಕೂತಿತ್ತು. ಅವಳೇ ಬಂದು ಹೇಳಿದಳು: "ತಗೊಂಡ್ಹೋಗು ಆರ್ಸೇನಿಯೊ. ನನ್ನ ಹಿತ್ತಲಲ್ಲಿ ಮೂಗನ ಥರ ಕೂತಿದೆ. ಆಗಾಗ ಅದರ ಸದ್ದು ಕೇಳಿದ್ರೆ ಸಾಕು ನಂಗೆ. ಮಂಗಳವಾರ ಮಂಗಳವಾರ ಹಿಬಾಕೋವಾಗೆ, ನಮ್ಮಕ್ಕನ ಮನೆಗೆ ಬಿಟ್ಬಿಡು, ಅಷ್ಟೇ."

ಬೇಡ ಅನ್ನಬೇಕಿತ್ತು. ಆಗಲಿಲ್ಲ.

ಫೆಬ್ರವರಿ 26, ಬೆಳಿಗ್ಗೆ 11

ಕೂತಿತು! ಚಾಸಿಸ್ಸಿನ ಅಡ್ಡಪಟ್ಟಿ ಕತ್ತರಿಸಿ ಮುಂದಕ್ಕೆ ತಂದು ವೆಲ್ಡ್ ಮಾಡಿದ್ದು. ಕ್ಲಚ್ ತಟ್ಟೆಯ ಹೊರಸುತ್ತು ಲಾರಿಯದು, ಒಳಗಿನ ಹಲ್ಲು ನಮ್ಮದು. ಎರಡನೇ ಸಲ ಸ್ಟಾರ್ಟರ್ ಒತ್ತಿದ್ದಕ್ಕೇ ಎಂಜಿನ್ ಹಿಡಿದುಕೊಂಡಿತು. ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು.

ಸೊಬೇಯ್ದಾ ಎರಡು ಬೀದಿ ಆಚೆಯಿಂದ ಬಂದಳು. ಕೈಯಲ್ಲಿ ತೊಳೆಯುತ್ತಿದ್ದ ಪಾತ್ರೆ ಹಾಗೇ ಇತ್ತು, ನೊರೆ ಸಮೇತ. ಬಾಗಿಲಲ್ಲೇ ನಿಂತಳು.

"ಬಂದ," ಅಂದಳು.

ಒನೇಲಿಯಾ ಶಿಲುಬೆ ಗುರುತು ಹಾಕಿಕೊಂಡು ಒಳಗೆ ಹೋದಳು. ಕಾಫಿ ಮಾಡುತ್ತೇನೆ ಅಂದವಳು ಮಾಡಲಿಲ್ಲ.

ಮಾರ್ಚ್ 1

ರಸ್ತೆಗೆ ಇಳಿಸಿದೆ. ಮಟಾಂಸಾಸ್ ದಾರಿ. ಏನು ಎಳೆತ! ದಿಬ್ಬಗಳೆಲ್ಲ ಮಟ್ಟಸವಾದ ಹಾಗೆ. ಗೇರ್‌ಬಾಕ್ಸ್ ಒಂದು ಸಲವೂ ನರಳಲಿಲ್ಲ.

ಲಾ ತಿನಾಹಾ ತಿರುವಿನಲ್ಲಿ ಮೂರನೇ ಗೇರ್ ತಾನಾಗಿ ಬಿಟ್ಟುಕೊಂಡಿತು. ನ್ಯೂಟ್ರಲ್. ಕಾರು ತೇಲಿಕೊಂಡು ಹೋಗಿ ಕಡಲ ಕಡೆಯ ಮಗ್ಗುಲಲ್ಲಿ ನಿಂತಿತು.

ಲಾ ತಿನಾಹಾ... ಇರಲಿ. ಪ್ಲೇಟ್ ಓರೆ ಇರಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ತಪ್ಪಿದರೆ ಗೇರ್ ಹಾರುವುದು ಮಾಮೂಲು.

ಮಾರ್ಚ್ 3

ಬಿಚ್ಚಿದೆ. ಡಯಲ್ ಗೇಜ್ ಇಟ್ಟು ಅಳೆದೆ. ನೇರ ಇದೆ. ಅಪ್ಪನ ಕಾಲದಿಂದ ಯಾರೂ ಬಿಚ್ಚದ ಗೇರ್‌ಬಾಕ್ಸನ್ನೂ ಬಿಚ್ಚಿದೆ. ಹಲ್ಲುಗಳು ಹೊಸ ನಾಣ್ಯದ ಹಾಗೆ. ಜೋಡಿಸಿ ಓಡಿಸಿದೆ. ಹೋಗುತ್ತಾ ಬಿಟ್ಟುಕೊಂಡಿತು, ಬರುತ್ತಾ ಬಿಟ್ಟುಕೊಂಡಿತು. ಅದೇ ತಿರುವು. ಮಿಕ್ಕ ದಾರಿಯಲ್ಲೆಲ್ಲೂ ಇಲ್ಲ.

ಮಾರ್ಚ್ 4, ಮಧ್ಯಾಹ್ನ

ಲಿನೊನನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದ ತಮಾಷೆ. "ಮುದಿ ಗೇರ್‌ಬಾಕ್ಸಿಗೆ ಹರೆಯದ ಗಂಡ. ಏದುಸಿರು ಬರದೆ ಇರುತ್ತಾ?" ತಿರುವು ಬರುವ ಮೊದಲು ಸ್ಟೀರಿಂಗ್ ಪಕ್ಕದ ಗೇರ್ ಕೋಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡ. "ಹೇಗೆ ಹಾರುತ್ತೋ ನೋಡೇಬಿಡೋಣ."

ತಿರುವಿನಲ್ಲಿ ಅವನ ಕೈ ಮೆಲ್ಲಗೆ ಮೇಲೆ ಹೋಯಿತು. ಕೋಲು ಹಾರಲಿಲ್ಲ. ಅವಸರವಿಲ್ಲದೆ ಸರಿದು ನ್ಯೂಟ್ರಲ್‌ಗೆ ಬಂತು. ಯಾರೋ ಪಳಗಿದವರು ತಂದ ಹಾಗೆ.

ಲಿನೊ ಅಂಗೈ ನೋಡಿಕೊಂಡ. ಆಮೇಲೆ ಹೇಳಿದ, "ನನ್ನ ಪ್ಲೇಟ್ ಸರಿ ಇದೆ. ನಿನ್ನ ಗೇರ್‌ಬಾಕ್ಸೂ ಸರಿ ಇದೆ. ನಾನಿಲ್ಲೇ ಇಳೀತೀನಿ, ನಡ್ಕೊಂಡು ಹೋಗ್ತೀನಿ."

ಊರು ಅಲ್ಲಿಂದ ಎಂಟು ಕಿಲೋಮೀಟರ್. ನಡೆದೇ ಹೋದ.

ಮಾರ್ಚ್ 5

ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ಎವೆಲಿಯೊ ಮೀನಿಗೆ ಹೋಗಲಿಲ್ಲ. ಉತ್ತರಕ್ಕೆ, ಕಡಲಾಚೆಯ ದೇಶಕ್ಕೆ ಹೊರಟಿದ್ದ, ವಾಪಸ್ ಬರದ ಹಾಗೆ. ಹಿಂದಿನ ದಿನವೇ ದೋಣಿಯನ್ನು ಲಾ ತಿನಾಹಾದ ಬಂಡೆಗಳ ಸಂದಿಗೆ ತಂದು ಕಟ್ಟಿದ್ದ. ಡೀಸೆಲ್ ಡಬ್ಬಗಳನ್ನೂ ಅವನನ್ನೂ ಅಲ್ಲಿಗೆ ಬಿಟ್ಟವನು ನಾನು. ಇದೇ ಕಾರಿನಲ್ಲಿ. ಮುಂದಿನ ಸೀಟಲ್ಲಿ ಕೂತಿದ್ದ. "ಸೊಬೇಯ್ದಾಗೆ ಉಸಿರೆತ್ತಬೇಡ," ಅಂದ. ಎತ್ತಲಿಲ್ಲ. ಹದಿನಾಲ್ಕು ತಿಂಗಳು ಅವಳು ಪ್ರತಿ ಭಾನುವಾರ ನೀರಿಗೆ ಹೂವು ಹಾಕುತ್ತಿದ್ದರೆ, ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದೆ.

ಆ ಜಾಗ ನನಗೆ ಗೊತ್ತು. ಎಂಜಿನ್ನಿಗೂ ಗೊತ್ತು, ಗೇರ್‌ಬಾಕ್ಸಿಗೂ ಗೊತ್ತು. ಮತ್ತೆ ಯಾರಿಗೂ ಗೊತ್ತಿಲ್ಲ.

ನಾಳೆ ಮಂಗಳವಾರ.

ಮಾರ್ಚ್ 6, ಸಂಜೆ 5

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸೊಬೇಯ್ದಾ ಮುಂದೆ ಕೂತಳು. ನೀಲಿ ಫ್ರಾಕು, ಅಕ್ಕನಿಗೆ ಅಂತ ಪೇರಲೆ ಮುರಬ್ಬದ ಡಬ್ಬಿ. ದಾರಿಯುದ್ದ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದಳು. ಲಾ ತಿನಾಹಾ ಬಂತು. ಗೇರ್ ಬಿಟ್ಟುಕೊಂಡಿತು. ಕಾರು ನಿಂತಿತು. ಎಂಜಿನ್ ಮಾತ್ರ ಗುಡುಗುಡು ಅನ್ನುತ್ತಾ...

"ಯಾವಾಗಲೂ ಇಲ್ಲೇ ನಿಲ್ಲುತ್ತಾ?" ಕೇಳಿದಳು.

ಹೂಂ ಅಂದೆ. ಆಮೇಲೆ ಎಲ್ಲ ಹೇಳಿಬಿಟ್ಟೆ. ಡಬ್ಬ, ಬಂಡೆ, ಅವನು ನನ್ನಿಂದ ತೆಗೆದುಕೊಂಡ ಮಾತು. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಗೊತ್ತು," ಅಂದಳು. "ಅವತ್ತು ಆ ಬಂಡೆ ಹಿಂದೆ ನಾನೂ ಇದ್ದೆ. ಬಟ್ಟೆ ಗಂಟು ಕಟ್ಕೊಂಡು. ನೀನು ಡಬ್ಬ ಇಳಿಸಿ ಹೋಗೋದನ್ನೇ ಕಾಯ್ತಿದ್ದೆ. ನಿಂಗೂ ಗೊತ್ತಾಗಬಾರದು ಅಂತ ಅವನು ಹೇಳಿದ್ದ."

ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದೆ.

"ದೋಣಿ ಮೇಲಿಂದ ಕೈ ಚಾಚಿದ. ಆ ನೀರು ನೋಡಿದೆ ನೋಡು... ಕಾಲೇ ಮುಂದೆ ಬರಲಿಲ್ಲ. ಎಂಜಿನ್ ನ್ಯೂಟ್ರಲ್‌ನಲ್ಲಿ ಇಟ್ಕೊಂಡು ಕಾದ ಕಣೋ. ತುಂಬಾ ಹೊತ್ತು ಕಾದ. ನಾನು ತಿರುಗಿ ಮನೆ ಕಡೆ ನಡೆದೆ. ನಡೀತಿದ್ರೂ ಸದ್ದು ಕೇಳ್ತಾನೇ ಇತ್ತು, ಅಲ್ಲೇ, ಮುಂದಕ್ಕೆ ಹೋಗ್ದೆ."

ಬಾನೆಟ್ಟಿನ ಕಡೆ ನೋಡುತ್ತಾ ಕೂತಳು. ಗಾಜಿನ ಮೇಲೆ ಉಪ್ಪುಗಾಳಿಯ ಪೊರೆ. ಅಳಲಿಲ್ಲ. ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು:

"ನಾನು ಬರಲ್ಲ ಎವೆಲಿಯೊ. ಕಾಯಬೇಡ. ನೀನೇ ಬಂದ್ಬಿಡು."

ಆಮೇಲೆ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತಳು. ಮುಂದೆ ಬಾ ಅಂದೆ. ತಲೆ ಅಲ್ಲಾಡಿಸಿದಳು. ಮೂರನೇ ಗೇರ್ ಹಾಕಿದೆ. ಹಿಬಾಕೋವಾವರೆಗೂ ಬಿಟ್ಟುಕೊಳ್ಳಲಿಲ್ಲ. ಬರುವಾಗಲೂ.

ಮಾರ್ಚ್ 23

ಎರಡು ವಾರ ಬರೆಯಲು ಪುರುಸೊತ್ತಿಲ್ಲ. ಬಾಡಿಗೆ ಜೋರು. ಗೇರ್ ಒಮ್ಮೆಯೂ ಹಾರಿಲ್ಲ. ಲಿನೊ ಬಂದು ಬಾನೆಟ್ ತೆಗೆದು ನೋಡಿದ, ಕಾರು ಹತ್ತಲಿಲ್ಲ. ಒನೇಲಿಯಾ ಮತ್ತೆ ಬೈಯಲು ಶುರು ಮಾಡಿದ್ದಾಳೆ. ಬದುಕಿದೆ.

ಒಂದೇ ವಿಷಯ. ಹಿಂದೆ ನಾಲ್ಕು ಜನ ಒತ್ತಿಕೊಂಡು ಕೂರುತ್ತಾರೆ. ಮುಂದೆ ನನ್ನ ಪಕ್ಕ ಯಾರೂ ಬರುವುದಿಲ್ಲ. ಯಾರೂ ಕೇಳುವುದೂ ಇಲ್ಲ.

ಏಪ್ರಿಲ್ 3, ಮಂಗಳವಾರ, ಬೆಳಿಗ್ಗೆ 10.30

ಹಿಬಾಕೋವಾದಲ್ಲಿ ನಿಂತಿದ್ದೇನೆ, ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಸೊಬೇಯ್ದಾ ಈಗಷ್ಟೇ ಇಳಿದು ಹೋದಳು.

ಊರಿನಿಂದ ಹೊರಡುವಾಗ ಹಿಂದೆ ಅವಳ ಜೊತೆ ಮೂವರು. ಸೇತುವೆ ಹತ್ತಿರ ಮುದುಕಿಯೊಬ್ಬಳು ಕೈ ಅಡ್ಡ ಹಾಕಿದಳು. ಈ ಕಡೆಯವಳಲ್ಲ. ಕೋಳಿ ಬುಟ್ಟಿ ಇತ್ತು. ಬಗ್ಗಿ ಒಳಗೆ ನೋಡಿ, "ತುಂಬಿದೆಯಲ್ಲಪ್ಪಾ. ಹೋಗು ಮಗನೇ, ಇನ್ನೊಂದಕ್ಕೆ ಬರ್ತೀನಿ," ಅಂದಳು.

"ಮುಂದೆ ಖಾಲಿ ಇದೆಯಲ್ಲ ಅಜ್ಜಿ. ಬನ್ನಿ, ಕೂತ್ಕೊಳ್ಳಿ."

"ಏನೋ, ಹಾಸ್ಯ ಮಾಡ್ತೀಯಾ? ಈ ವಯಸ್ಸಲ್ಲಿ ಹೋಗಿ ಅವನ ತೊಡೆ ಮೇಲೆ ಕೂರ್ಲಾ?"

ಹಿಂದಿದ್ದವರು ನಗಲಿಲ್ಲ. ಕನ್ನಡಿಯಲ್ಲಿ ಸೊಬೇಯ್ದಾಳ ಮುಖ ಕಂಡಿತು. ಅವಳೊಬ್ಬಳೇ ನಗುತ್ತಿದ್ದಳು, ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ.

ನಾನು ಪಕ್ಕಕ್ಕೆ ತಿರುಗಲಿಲ್ಲ. ಹೊರಟೆ. ಒಂದನೇ ಗೇರ್, ಎರಡು. ಲಾ ತಿನಾಹಾ ಹತ್ತಿರ ಬರುತ್ತಲೇ ಕ್ಲಚ್ ಒತ್ತಿ ಮೂರಕ್ಕೆ ಕೈ ಚಾಚಿದೆ. ಕೋಲಿನ ಮೇಲೆ, ನನ್ನ ಕೈಗಿಂತ ಮೊದಲೇ, ಇನ್ನೊಂದು ಕೈ ಕೂತಿತ್ತು.