ಲಾಡಿಯಿಲ್ಲದ ಯೀಸ್ಟ್

ಮಾರ್ಚ್ ೧೪, ಮಧ್ಯಾಹ್ನ
ಕತ್ತಲೆ ಕೋಣೆಯಿಂದ

ಪ್ರೀತಿಯ ಅಕ್ಕಾ,

ನಾನು ಕ್ಷೇಮ. ನೀನೂ, ನಿನ್ನ ಬೇಕರಿಯ ಒಲೆಯೂ, ರುಚಿ ನೋಡುವ ನೆಪದಲ್ಲಿ ಬನ್ನನ್ನೇ ಮುಗಿಸುವ ಭಾವನವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ತಡವಾದದ್ದಕ್ಕೆ ಕಾರಣಗಳನ್ನು ಪಟ್ಟಿ ಮಾಡಿದ್ದೆ: ಕೆಲಸ, ನೆಗಡಿ, ಕೈಕೊಟ್ಟ ಪೆನ್ನು. ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಸುಮ್ಮನೆ ಕ್ಷಮಿಸಿಬಿಡು.

ಇವತ್ತು ಬರೆಯುತ್ತಿರುವುದಕ್ಕೆ ಕಾರಣ ಒಂದೇ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಸೂಕ್ಷ್ಮದರ್ಶಕ ಮೂರು ಗಂಟೆ ಕಾಲ ನಿಮಿಷಕ್ಕೊಂದು ಚಿತ್ರ ತೆಗೆಯುತ್ತದೆ. ನಡುವೆ ಬಾಗಿಲು ತೆರೆದು ಬೆಳಕು ಬಿತ್ತೋ, ಎಲ್ಲ ನೀರಲ್ಲಿ ಹೋಮ. ಈ ಕೋಣೆ ನಿನಗೆ ಗೊತ್ತಲ್ಲ, ಮೊದಲು ಪೊರಕೆ ಇಡುವ ಗೂಡು. ವಿಜ್ಞಾನ ಬೆಳೆದಂತೆಲ್ಲ ಪೊರಕೆಯನ್ನು ಹೊರಗೆ ಹಾಕಿ ನಮ್ಮನ್ನು ಒಳಗೆ ಹಾಕಿದರು. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಕೆಂಪು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದೇನೆ. ಅಕ್ಷರದ ಮೇಲೆ ಜೊಲ್ಲು ಬಿದ್ದಿದ್ದರೆ ಕಣ್ಣೀರೆಂದು ತಿಳಿದು ನನ್ನ ಮರ್ಯಾದೆ ಉಳಿಸು.

ಈಗಷ್ಟೇ ಗುಡಿಸುವ ಅಮ್ಮ ಬಾಗಿಲು ಬಡಿದರು.

"ಸಾರ್, ಬದುಕಿದ್ದೀರಾ?"

"ಇದ್ದೀನಮ್ಮ."

"ಹಾಗಿದ್ರೆ ಆಮೇಲೆ ಗುಡಿಸ್ತೀನಿ."

ನಮ್ಮಿಬ್ಬರದು ರಕ್ತಸಂಬಂಧವಲ್ಲ. ಲ್ಯಾಬಿಗೆ ನನಗಿಂತ ಆರು ತಿಂಗಳು ಮೊದಲು ಸೇರಿದ ಏಕೈಕ ಅರ್ಹತೆಯ ಮೇಲೆ ನೀನು ಅಕ್ಕನಾದೆ. ಆ ಅಧಿಕಾರದಿಂದಲೇ ಕಾಗದದಲ್ಲಿ ಕೇಳಿದ್ದೀಯ. ಕಾಲೇಜು ಸೇರಿದ ನಿನ್ನ ಮಗಳು ಜೀವವಿಜ್ಞಾನ ಓದುತ್ತೇನೆ ಎಂದಳಂತೆ. "ನೀನ್ಯಾಕಮ್ಮ ಬಿಟ್ಟೆ?" ಎಂದು ಕೇಳಿದಳಂತೆ. "ನನ್ನ ಕೈ ಸರಿಯಿರ್ಲಿಲ್ಲ ಮಗಾ" ಎಂದೆಯಂತೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ: "ನೀನು ಪಕ್ಕದ ಮೇಜಲ್ಲೇ ಇದ್ಯಲ್ಲೋ ತಮ್ಮಾ. ನಿಜ ಹೇಳು, ನನ್ನ ಕೈ ಅಷ್ಟು ಕೆಟ್ಟದಾಗಿತ್ತಾ? ಈಗಲೂ ಹಿಟ್ಟು ನಾದ್ತೀನಿ, ಒಲೆ ನೋಡ್ಕೋತೀನಿ. ಯೀಸ್ಟ್ ತೂಗೋದು ಮಾತ್ರ ಬೇರೆಯವರಿಗೆ ಬಿಡ್ತೀನಿ."

ಆ ಕೊನೆಯ ಸಾಲನ್ನು ನಾಲ್ಕು ತಿಂಗಳು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ.

ಉತ್ತರವನ್ನು ಮಗಳಿಗೂ ಓದಿ ಹೇಳು. ಅವಳಿಗಾಗಿ ಮೊದಲಿನಿಂದ ಬರೆಯುತ್ತೇನೆ. ಯೀಸ್ಟಿಗೆ ಊಟ ನಿಲ್ಲಿಸಿದರೆ ಅದು ನನ್ನ ಹಾಗೆ ಗೊಣಗುತ್ತ ಕೂರುವುದಿಲ್ಲ, ಮನೆಯೊಳಗಿನ ಹಳೇ ಸಾಮಾನನ್ನೇ ಗುಜರಿಗೆ ಹಾಕಿ ಹೊಟ್ಟೆ ಹೊರೆಯುತ್ತದೆ. ಅದಕ್ಕೊಂದು ಚೀಲ ಬೇಕು. ಮೊದಲು ಕೆಲವು ಪ್ರೋಟೀನುಗಳು ಒಂದು ಮೂಲೆಯಲ್ಲಿ ಹನಿಯ ಹಾಗೆ ಗುಂಪುಗೂಡುತ್ತವೆ. ರಸ್ತೆಯಲ್ಲಿ ಒಬ್ಬ ಮೇಲೆ ನೋಡುತ್ತ ನಿಂತರೆ ಹತ್ತು ಜನ ಸೇರುವುದಿಲ್ಲವೇ, ಹಾಗೆ. ಆಮೇಲೆ ಇನ್ನೊಂದು ಪ್ರೋಟೀನು ಪೊರೆಯ ಚೂರುಗಳನ್ನು ಹೊತ್ತು ತರುತ್ತದೆ, ಮತ್ತೊಂದು ಕೊಬ್ಬನ್ನು ಸುರಿಯುತ್ತದೆ. ಪೊರೆ ಬಟ್ಟಲಿನಂತೆ ಬಾಗಿ, ಹಳೇ ಸಾಮಾನನ್ನು ಸುತ್ತುವರಿದು, ಕೊನೆಗೆ ಬಾಯಿ ಮುಚ್ಚುತ್ತದೆ. ಚೀಲ ಗುಜರಿ ಕೋಣೆಗೆ ಹೋಗುತ್ತದೆ, ಒಳಗಿದ್ದದ್ದು ಕರಗಿ ಮತ್ತೆ ಬಳಕೆಗೆ ಬರುತ್ತದೆ.

ಬಾಯಿ ಮುಚ್ಚಿಸುವವರು ಯಾರು? ಇಗೋ ಈ ಪ್ರೋಟೀನು ಎಂದವಳು ನೀನು. ಲಂಗದ ಲಾಡಿ ಎಳೆದ ಹಾಗೆ ಎಳೆಯುತ್ತದೆಂದು ಅದಕ್ಕೆ 'ಲಾಡಿ' ಎಂದೇ ಹೆಸರಿಟ್ಟೆ. ನಮ್ಮ ಲ್ಯಾಬಿನ ಮೇಷ್ಟ್ರು ಆ ಹೆಸರು ಬಂದಾಗಲೆಲ್ಲ ಕೆಮ್ಮಿ ಮುಂದಕ್ಕೆ ಹೋಗುತ್ತಿದ್ದರು. ಲಾಡಿಯಿಲ್ಲದ ಯೀಸ್ಟ್ ಬೆಳೆಸಿ, ಅದರ ಚೀಲಗಳು ಬಾಯಿ ತೆರೆದುಕೊಂಡೇ ನಿಲ್ಲುತ್ತವೆ ಎಂದು ತೋರಿಸಿದೆ. ಮೇಷ್ಟ್ರು "ಇನ್ನೊಬ್ಬರ ಕೈಲೂ ಆಗ್ಲಿ, ನೋಡೋಣ" ಎಂದು ನನಗೆ ಒಪ್ಪಿಸಿದರು. ಫ್ರೀಜರಿನಿಂದ ಆ ಯೀಸ್ಟ್ ತೆಗೆದು ಮೂರು ಸಲ ಮಾಡಿದೆ. ಮೂರು ಸಲವೂ ಚೀಲಗಳು ಒಳ್ಳೆಯ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡವು.

"ಪ್ರಯೋಗ ಅಂದ್ರೆ ಕೈ ಕಣಮ್ಮ" ಎಂದರು ಮೇಷ್ಟ್ರು, ಎಲ್ಲರೆದುರು. "ನಿನ್ನ ಕೈ ಬ್ರೆಡ್ಡಿಗೆ ಲಾಯಕ್ಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸೋಮವಾರದಿಂದ ನೀನು ಬರಲಿಲ್ಲ. ಮೇಷ್ಟ್ರು ಜೀವಮಾನದಲ್ಲಿ ಕೊಟ್ಟ ಸಲಹೆಗಳಲ್ಲಿ ಯಾರಾದರೂ ಪಾಲಿಸಿದ್ದು ಅದೊಂದನ್ನೇ. ಲಾಡಿಗೆ ಚೀಲದ ಗೊಡವೆಯೇ ಇಲ್ಲ ಎಂಬ ಲೇಖನ ಅಚ್ಚಾಯಿತು, ನನ್ನ ಹೆಸರು ಮೊದಲು. ಆ ಲೇಖನದ ಮೇಲೆ ಈ ನೌಕರಿ, ನೌಕರಿಯ ಮೇಲೆ ಈ ಪೊರಕೆ ಗೂಡು.

ಈಗ ವಿಷಯಕ್ಕೆ ಬರುತ್ತೇನೆ. ಫ್ರೀಜರಿನಲ್ಲಿದ್ದ ಎಂಬತ್ತೊಂದು ಮನೆಯ ಆ ಚೌಕ ಡಬ್ಬಿ ನೆನಪಿದೆಯಾ? ಟ್ಯೂಬುಗಳ ಮೇಲೆ ಹಿಮ ಕಟ್ಟಿ ಹೆಸರು ಕಾಣದೆ, ಮನೆ ಎಣಿಸಿಯೇ ತೆಗೆಯುತ್ತಿದ್ದೆವಲ್ಲ, ಅದು. ಮುಂದಿನ ಸಾಲಿನಲ್ಲಿ ನಿನ್ನ ಲಾಡಿಯಿಲ್ಲದ ಯೀಸ್ಟ್, ಹಿಂದಿನ ಸಾಲಿನಲ್ಲಿ ಸಾದಾ ಯೀಸ್ಟ್. ಮೂಲೆಯ ಕೆಂಪು ಚುಕ್ಕೆ ನಮ್ಮ ಕಡೆಗಿರಬೇಕು. ಹೋದ ತಿಂಗಳು ಫ್ರೀಜರ್ ತೊಳೆಯುವಾಗ ನೋಡಿದರೆ ಚುಕ್ಕೆ ಗೋಡೆ ಕಡೆಗಿತ್ತು. ಯಾರೋ ಹಿಂದುಮುಂದಾಗಿ ಇಟ್ಟಿದ್ದರು. ಅಂದರೆ ನಾನು ಮೂರು ಸಲ ಪರೀಕ್ಷಿಸಿದ್ದು ಲಾಡಿ ಗಟ್ಟಿಯಾಗಿದ್ದ ಸಾದಾ ಯೀಸ್ಟನ್ನು. ಅದು ಬಾಯಿ ಮುಚ್ಚದೆ ಇನ್ನೇನು ಮಾಡುತ್ತದೆ?

ಈ ಸಲ ನಿನ್ನ ಯೀಸ್ಟನ್ನೇ ತೆಗೆದು ಇಟ್ಟಿದ್ದೇನೆ. ಪರದೆಯ ಮೇಲೆ ಚೀಲಗಳು ಬಾಯಿ ತೆರೆದುಕೊಂಡು ನಿಂತಿವೆ, ನೀನು ಒಂಬತ್ತು ವರ್ಷದ ಹಿಂದೆ ಬರೆದಿದ್ದ ಹಾಗೆಯೇ. ನಿನ್ನ ಕೈ ಸರಿಯಾಗಿತ್ತು ಅಕ್ಕಾ.

ಮೇಷ್ಟ್ರಿಗೆ ಹೇಳಿದೆ. ಕನ್ನಡಕ ಒರೆಸಿಕೊಂಡು, "ಮುಂದಿನ ವಾರ ನನ್ನ ನಿವೃತ್ತಿ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವೇನಯ್ಯಾ?" ಎಂದರು. ಆಗುತ್ತೆ ಸಾರ್, ಚೆನ್ನಾಗಿ ಅಭ್ಯಾಸವಿದೆ ಎನ್ನಬೇಕೆಂದಿದ್ದೆ. ಅದನ್ನೂ ಅನ್ನಲಿಲ್ಲ.

ಯಂತ್ರ ಕೂಗಿತು. ಇನ್ನು ಬಾಗಿಲು ತೆಗೆಯಬಹುದು. ಮಗಳು ಚೆನ್ನಾಗಿ ಓದಲಿ, ನಿನ್ನ ಕೈಯೇ ಅವಳಿಗೂ ಬಂದಿರಲಿ. ಡಬ್ಬಿಯ ಮೂಲೆ ನೋಡಿ ಇಡುವುದನ್ನು ಮೊದಲು ಕಲಿಯಲಿ.

ಇಂತು,
ಆರು ತಿಂಗಳು ಕಿರಿಯ
ತಮ್ಮ

ತಾ.ಕ.: ಬಾಗಿಲು ತೆಗೆದಿಲ್ಲ, ಇಲ್ಲೇ ಇದ್ದೇನೆ. ಮೇಲೆ 'ಹೋದ ತಿಂಗಳು' ಎಂದು ಬರೆದಿದ್ದನ್ನು ಹೊಡೆದುಹಾಕು. 'ಯಾರೋ' ಎಂಬುದನ್ನೂ. ಆ ಮೂರು ಪರೀಕ್ಷೆಗೆ ಮೊದಲು ಹಿಮ ಕೆರೆದು ಡಬ್ಬಿಯನ್ನು ಹಿಂದುಮುಂದಾಗಿ ಇಟ್ಟವನು ನಾನು. ಅದು ನನಗೆ ಗೊತ್ತಾದದ್ದು ನೀನು ಹೋದ ಎಂಟನೆಯ ದಿನ. ಸರಿಯಾಗಿ ತಿರುಗಿಸಿಟ್ಟು ಫ್ರೀಜರ್ ಮುಚ್ಚಿದೆ. ಲೇಖನ ಇನ್ನೂ ಅಂಚೆಗೆ ಹೋಗಿರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಒಂಬತ್ತು ವರ್ಷದಿಂದ ಆ ನಾಳೆಯೊಳಗೇ ಕೂತಿದ್ದೇನೆ. ಅದಕ್ಕೆ ಹೋಲಿಸಿದರೆ ಈ ಕೋಣೆ ವಿಶಾಲವಾಗಿದೆ.

ಅಂದಿನ ದಿನಚರಿಯ ಹಾಳೆ ಈ ಲಕೋಟೆಯಲ್ಲಿದೆ. 'ಡಬ್ಬಿ ಹಿಂದುಮುಂದಾಗಿತ್ತು, ಸರಿಪಡಿಸಿದೆ' ಎಂದು ನನ್ನದೇ ಅಕ್ಷರ, ತಾರೀಖು ಸಮೇತ. ಅದರ ನಕಲನ್ನು ಬೆಳಿಗ್ಗೆಯೇ ಆ ಲೇಖನ ಅಚ್ಚು ಹಾಕಿದ ಪತ್ರಿಕೆಗೆ ಕಳಿಸಿದೆ, ಮತ್ತೆ ನಾಳೆ ಅನ್ನಬಾರದೆಂದು. ಮೂಲ ಹಾಳೆ ನಿನ್ನದು. ಕ್ಷಮಿಸು ಎಂದು ಈ ಸಲ ಕೇಳುವುದಿಲ್ಲ.

ಯೀಸ್ಟನ್ನು ಮಾತ್ರ ಇನ್ನು ಮೇಲೆ ನೀನೇ ತೂಗು.