ಕೊನೆಯ ಇನ್ನೂರೈವತ್ತು ಕಿಲೋಮೀಟರ್

ಚಿರಂಜೀವಿ ಸಂಧ್ಯಾರಾಣಿಗೆ,

ಸಿಡ್ನಿಯ ದಿ ಪಾಂಡ್ಸ್‌ನಲ್ಲಿ, ನಿನ್ನ ತಮ್ಮ ಅಭಿನವನ ಅಡುಗೆಮನೆ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿನ್ನಪ್ಪ ಬರೆಯುತ್ತಿದ್ದೇನೆ. ಮೆಸೇಜು ಕಳಿಸಿದರೆ ನೀನು ಟ್ರಾಮಿನಲ್ಲಿ ನಿಂತುಕೊಂಡೇ ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀ. ಅದಕ್ಕೇ ಕಾಗದ. ಓದಿ ಮುಗಿಯುವತನಕ ಫೋನ್ ಮಾಡಬೇಡ. ಸಿಟ್ಟಾಗುವುದಿದ್ದರೆ ಕೊನೆಯ ಸಾಲು ಓದಿಯೇ ಆಗು.

ಹೋದ ಭಾನುವಾರ ನೀನು ಫೋನಿನಲ್ಲಿ ಅಂದೆಯಲ್ಲ, "ಅಪ್ಪಾ, ಈ ವಯಸ್ಸಿನಾಗ ಡಾರ್ವಿನ್ ಕಡೆ ನೀ ಗಾಡಿ ಹೊಡಿಯೋದಿದ್ರ ನಾ ಬರಂಗಿಲ್ಲ. ಅವ್ವನ್ನೂ ಕಳಸಂಗಿಲ್ಲ" ಎಂದು. ನಾನು ಫೋನನ್ನು ನಿನ್ನ ಅವ್ವನ ಕೈಗೆ ಕೊಟ್ಟೆ. ಆದರೆ ಎರಡು ದಿನ ಒಳಗೊಳಗೇ ಕುದ್ದೆ. ಮೂವತ್ತೊಂದು ವರ್ಷ ಹುಬ್ಬಳ್ಳಿ–ಕಾರವಾರ ಬಸ್ಸು ಓಡಿಸಿದವನು ನಾನು. ಮಳೆಗಾಲದಲ್ಲಿ ಅರಬೈಲ್ ಘಟ್ಟ ಇಳಿಸಿಯೂ ಒಂದು ಕೋಳಿಗೆ ಗಾಲಿ ತಾಗಿಸಿದವನಲ್ಲ. ಸಾರಿಗೆ ಸಂಸ್ಥೆಯವರು ಬೆಳ್ಳಿ ಪದಕವನ್ನು ಪುಕ್ಕಟೆ ಕೊಡುತ್ತಾರೇನು? ಅಂಥವನಿಗೆ ಮಗಳು ಆಡುವ ಮಾತೇ ಇದು ಎಂದು ಸಿಟ್ಟು ಬಂತು. ಮೂರನೆಯ ದಿನ ಸಿಟ್ಟು ಇಳಿಯಿತು. ಯಾಕೆ ಇಳಿಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ, ಮೊದಲು ರೂಟು ಕೇಳು.

ಜುಲೈ ಎರಡನೆಯ ವಾರ, ಆರು ದಿನ. ನೀನು ಮೆಲ್ಬರ್ನಿನಿಂದ, ನಾವಿಬ್ಬರು ಸಿಡ್ನಿಯಿಂದ, ಉತ್ತರ ತುದಿಯ ಡಾರ್ವಿನ್ ವಿಮಾನ ನಿಲ್ದಾಣದಲ್ಲಿ ಕೂಡುವುದು. ಅಲ್ಲಿ ಬಾಡಿಗೆ ಗಾಡಿ. ಮೊದಲು ಲಿಚ್‌ಫೀಲ್ಡ್. ಆಳೆತ್ತರ ಮೀರಿದ ಹುತ್ತಗಳು, ಜಲಪಾತಗಳು. ಅಲ್ಲಿಂದ ದಕ್ಷಿಣಕ್ಕೆ ಕ್ಯಾಥರೀನ್. ಬಂಡೆಗಳ ನಡುವೆ ಹರಿಯುವ ಹೊಳೆಯಲ್ಲಿ ದೋಣಿ, ಎರಡು ರಾತ್ರಿ ವಸ್ತಿ. ಆಮೇಲೆ ಹಿಂದಕ್ಕೆ ಪೈನ್ ಕ್ರೀಕ್‌ಗೆ ಬಂದು, ಟ್ಯಾಂಕ್ ತುಂಬಿಸಿ, ಬಲಕ್ಕೆ ಹೊರಳಿದರೆ ಕಕಡು. ಮೊಸಳೆಯಿರುವ ನೀರು, ಸಾವಿರಾರು ವರ್ಷ ಹಳೆಯ ಬಂಡೆಚಿತ್ರಗಳು. ಕೊನೆಯ ದಿನ ಕಕಡುವಿನೊಳಗಿನ ಜಬಿರು ಊರಿನಿಂದ ಡಾರ್ವಿನ್‌ಗೆ ಇನ್ನೂರೈವತ್ತು ಕಿಲೋಮೀಟರ್, ಎಲ್ಲಾ ಡಾಂಬರು. ಒಟ್ಟು ಸಾವಿರದ ಚಿಲ್ಲರೆ ಕಿಲೋಮೀಟರ್. ದಿನಸಿ ಅಂಗಡಿಯ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ, ಡಿಪೋದಲ್ಲಿ ಬರೆಯುತ್ತಿದ್ದಂತೆಯೇ, ಹೊರಡುವ ವೇಳೆ, ಮುಟ್ಟುವ ವೇಳೆ, ಚಹಾ ನಿಲುಗಡೆ ಎಲ್ಲವನ್ನೂ ಗೆರೆ ಎಳೆದು ಬರೆದಿದ್ದೇನೆ. ಸಂಜೆ ಐದರ ಮೇಲೆ ಗಾಡಿ ಅಲುಗಾಡುವಂತಿಲ್ಲ. ಕತ್ತಲಾದರೆ ಕಾಂಗರೂ ಅಡ್ಡ ಬರುತ್ತವೆ, ವಿಮೆಯೂ ಇಲ್ಲವಂತೆ.

ಇಷ್ಟು ಜಂಬದಿಂದ ಬರೆಯುತ್ತಿರುವ ನಾನು ಮೊದಲು ಡಿಸೆಂಬರಿಗೆ ಯೋಜನೆ ಹಾಕಿದ್ದೆ. ಇಲ್ಲಿಯ ನಮ್ಮ ಮಂದಿಗೆ ರಜೆ ಅಂದರೆ ಕ್ರಿಸ್ಮಸ್ ರಜೆ, ನಾನೂ ಕುರಿಯ ಹಿಂದೆ ಕುರಿ. "ಅಪ್ಪಾ, ಅಲ್ಲಿ ಡಿಸೆಂಬರ್ ಅಂದ್ರ ಮಳಿಗಾಲ. ರಸ್ತೆನ ಮುಳುಗಿರ್ತಾವ" ಎಂದವಳು ನೀನು. ಘಟ್ಟದಲ್ಲಿ ಹಳ್ಳ ಬಂದಿದೆಯೋ ಇಲ್ಲವೋ ಎಂದು ವಿಚಾರಿಸದೆ ಒಂದು ದಿನವೂ ಬಸ್ಸು ತೆಗೆಯದ ನಾನು, ಕಂಡಿರದ ಸೀಮೆಯ ಮಳೆಯನ್ನು ಕೇಳುವುದನ್ನೇ ಮರೆತಿದ್ದೆ. ಆವತ್ತು ನಕ್ಕು ತೇಲಿಸಿದೆ. ಈಗ ಒಪ್ಪಿಕೊಳ್ಳುತ್ತೇನೆ.

ಇಷ್ಟೆಲ್ಲಾ ಯಾಕೆ ಅಂದರೆ, ನಿನ್ನ ಅವ್ವ. ನಾನು ನಿವೃತ್ತನಾದ ದಿನ ಚನ್ನಕ್ಕ ಕೇಳಿದ್ದಳು: "ಊರ ಮಂದೀನೆಲ್ಲಾ ಅಡ್ಡಾಡಿಸಿದ್ರಿ, ನನ್ನ ಎಲ್ಲಿಗೆ ಕರಕೊಂಡು ಹೋಗೀರಿ?" ಈಗ ಡಾರ್ವಿನ್ ಎಂಬ ಉತ್ತರ ಕೇಳಿದವಳು ಆಗಲೇ ಖಡಕ್ ರೊಟ್ಟಿ ಬಡಿಯಲು ಸುರು ಮಾಡಿದ್ದಾಳೆ. ತಿಂಗಳಿಟ್ಟರೂ ಕೆಡುವುದಿಲ್ಲ ಎಂದು ಅರವತ್ತು ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ. ಮೂರು ಮಂದಿಗೆ ಬೇ! ಹೇಳಿದರೆ ಕೇಳುವುದಿಲ್ಲ.

ಇನ್ನು ನಿನ್ನ ನನ್ನ ಲೆಕ್ಕ. ನಿನಗೆ ಹತ್ತೊಂಬತ್ತು ತುಂಬಿದಾಗ, ಗೆಳೆಯನ ಮಾರುತಿ ತಂದು ಡಿಪೋದ ಹಿಂದಿನ ಮೈದಾನದಲ್ಲಿ ನಿನಗೆ ಕಲಿಸಲು ಹೊರಟೆ. ನೀನು ಕ್ಲಚ್ಚು ಬಿಟ್ಟಾಗೆಲ್ಲಾ ಗಾಡಿ ಜಿಗಿಯಿತು. ಎಲ್ಲರಿಗೂ ಜಿಗಿಯುತ್ತದೆ, ನನಗೂ ಜಿಗಿದಿತ್ತು. ಆದರೆ ಮೆಕ್ಯಾನಿಕ್ಕುಗಳು ನಿಂತು ನೋಡುತ್ತಿದ್ದರು, ನನ್ನ ಮಾನ ಹೋಯಿತೆನ್ನಿಸಿ ಒದರಿಬಿಟ್ಟೆ: "ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟಂಗಾತು!" ಅವರೆಲ್ಲಾ ನಕ್ಕರು. ನೀನು ಇಳಿದು, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, "ನೀ ಬಾಜೂಕ ಕುಂತಿರೋ ಗಾಡಿ ನಾ ಎಂದೂ ಹೊಡಿಯಂಗಿಲ್ಲ" ಎಂದು ನಡೆದೇ ಮನೆಗೆ ಹೋದೆ. ಹದಿನಾರು ವರ್ಷವಾಯಿತು. ಆಡಿದ ಮಾತನ್ನು ಉಳಿಸಿಕೊಂಡೆ ನೀನು, ನನ್ನ ಮಗಳೇ ಹೌದು. ಮೆಲ್ಬರ್ನಿಗೆ ಬಂದು ಒಬ್ಬಳೇ ಕಲಿತೆ, ಗಾಡಿ ಕೊಂಡೆ. ನಾನು ಬಂದಾಗಲೆಲ್ಲಾ ಟ್ರಾಮಿನಲ್ಲೇ ತಿರುಗಾಡಿಸಿದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹೋದ ವರ್ಷ ಡಾಕ್‌ಲ್ಯಾಂಡ್ಸ್‌ನ ನಿನ್ನ ಮನೆಯಲ್ಲಿದ್ದಾಗ, ನೀನು ಬ್ಯಾಂಕಿಗೆ ಹೋದ ಮೇಲೆ, ಕಸ ಚೆಲ್ಲುವ ನೆವದಲ್ಲಿ ನೆಲಮಾಳಿಗೆಗೆ ಇಳಿದು ನಿನ್ನ ಗಾಡಿ ನೋಡಿದೆ. ಮೊಣಕಾಲೂರಿ ನಾಲ್ಕೂ ಟೈರು ಸವರಿದೆ. ಅಂಚು ತಿಂದಿಲ್ಲ, ಒಂದೇ ಸಮ ಸವೆದಿವೆ. ನಾಲ್ಕು ವರ್ಷದ ಗಾಡಿ, ಗಾಲಿಯ ಬಳೆಗೆ ಫುಟ್‌ಪಾತ್ ತಾಗಿದ ಒಂದು ಗೀರಿಲ್ಲ. ಓಡಿಸುವವರ ಸ್ವಭಾವ ಟೈರಿನಲ್ಲಿ ಬರೆದಿರುತ್ತದೆ ತಂಗಿ, ನನ್ನಂಥವನಿಗೆ ಅದು ಓದಲು ಬರುತ್ತದೆ. ಅಲ್ಲೇ ಕೂತು ಅತ್ತೆ. ಮೇಲೆ ಬಂದು ನಿನಗೆ ಹೇಳುವಷ್ಟು ದೊಡ್ಡ ಮನಸ್ಸು ಮಾತ್ರ ಇರಲಿಲ್ಲ.

ಅದರ ಮೇಲೆ ನಿನ್ನ ಅವ್ವ. ನೀನು ಅವಳನ್ನು ಸಂತೆಗೆಂದು ಡ್ಯಾಂಡಿನಾಂಗ್‌ಗೆ ಕರೆದೊಯ್ದೆಯಲ್ಲ, ಬಂದು ನನಗೆ ಹೇಳಿದಳು: "ನಿಮ್ಮ ಬಸ್ಸಿನಾಗ ಕುಂತಾಗ ಶಿವ ಶಿವ ಅಂತಿದ್ದೆ ರೀ. ಇಕೀ ಗಾಡ್ಯಾಗ ನಿದ್ದಿನ ಹತ್ತಿತು." ಬೆಳ್ಳಿ ಪದಕದವನ ಮುಖ ಸಣ್ಣದಾಯಿತು. ಡ್ರೈವರನಿಗೆ ನಿಜವಾದ ಸರ್ಟಿಫಿಕೇಟು ಕೊಡುವವನು ನಿದ್ದೆ ಹೋದ ಪ್ಯಾಸೆಂಜರು.

ಈಗ ಸಿಟ್ಟು ಯಾಕೆ ಇಳಿಯಿತು ಎಂಬುದು. ಮಾರ್ಚ್‌ನಲ್ಲಿ ಒಂದು ಸಂಜೆ ನಿನ್ನ ಅವ್ವನನ್ನು ಕೂರಿಸಿಕೊಂಡು, ಅಭಿನವನ ಗಾಡಿ ಓಡಿಸುತ್ತಾ ಇಲ್ಲಿಯ ಕೆರೆಯ ಹತ್ತಿರದ ಸರ್ಕಲ್ಲು ದಾಟುತ್ತಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕೂಸಿನ ಗಾಡಿ ತಳ್ಳಿಕೊಂಡು ಒಬ್ಬ ಹೆಣ್ಣುಮಗಳು ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟಿದ್ದಳು. ನನಗೆ ಕಾಣಿಸಲಿಲ್ಲ. ನಿನ್ನ ಅವ್ವ "ರೀ!" ಎಂದು ಕಿರುಚಿದ ಮೇಲೆ ಬ್ರೇಕು ಒತ್ತಿದೆ. ಗಾಡಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆಕೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋದಳು. ಆ ಥ್ಯಾಂಕ್ಸ್ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮರುದಿನ ಬೆನ್ನುನೋವು ಅಂತ ಸುಳ್ಳು ಹೇಳಿ ಅಭಿನವನಿಗೆ ಕೀಲಿ ಒಪ್ಪಿಸಿದೆ. ನಿನಗೆ ಇದಾವುದೂ ಗೊತ್ತಿರಲಿಲ್ಲ, ಆದರೂ ನೀನು ಭಾನುವಾರ ಹೇಳಿದ್ದು ಖರೆ. ಅದಕ್ಕೇ ಅಷ್ಟು ಚುಚ್ಚಿತು; ಮೂರನೆಯ ದಿನ ಅದನ್ನು ಒಪ್ಪಿಕೊಂಡ ಮೇಲೆ ಸಿಟ್ಟು ಇಳಿಯಿತು.

ಆದರೆ ಟ್ರಿಪ್ಪು ರದ್ದಿಲ್ಲ. ಡ್ರೈವರ್ ಬದಲಾಗಿದ್ದಾನೆ, ಅಷ್ಟೇ. ನಿನ್ನೆ ಬಾಡಿಗೆ ಗಾಡಿಯವರಿಗೆ ನಾನೇ ಫೋನ್ ಮಾಡಿದೆ. ಡ್ರೈವರ್ ಯಾರು ಎಂದು ಆ ಹುಡುಗಿ ಕೇಳಿದಳು. ನಿನ್ನ ಹೆಸರಿನ ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ಇನ್ನೊಬ್ಬ ಡ್ರೈವರ್ ಯಾರು ಎಂದಳು. ಯಾರೂ ಇಲ್ಲ ಎಂದೆ.

ನಾನು ಕಂಡಕ್ಟರ್. ನನ್ನ ಜೊತೆ ಹದಿನೆಂಟು ವರ್ಷ ಕಂಡಕ್ಟರಾಗಿದ್ದ ಯೋಗೀಶ ನಿವೃತ್ತಿಯ ದಿನ ತನ್ನ ಸೀಟಿಯನ್ನು ನನಗೇ ಕೊಟ್ಟಿದ್ದ, ಅದನ್ನು ತರುತ್ತೇನೆ. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ಅದು ಬಿಟ್ಟು ನನ್ನ ಬಾಯಿಂದ ಗೇರು, ಬ್ರೇಕು, ನಿಧಾನ ಎಂಬ ಒಂದು ಮಾತು ಬಂದರೂ ಮೊಸಳೆ ಇರುವಲ್ಲಿ ಇಳಿಸಿ ಹೋಗು. ಆವತ್ತು ಮೈದಾನದಲ್ಲಿ ಆಡಿದ ಮಾತು ತಪ್ಪಿತ್ತು ರಾಣಿ. ಮಾಣಿಕ್ಯ ನಿನ್ನ ಕೈಯಲ್ಲೇ ಇತ್ತು, ಮಂಗ ಪಕ್ಕದ ಸೀಟಿನಲ್ಲಿದ್ದ.

ನಿನ್ನ ಲೈಸೆನ್ಸ್ ನಂಬರನ್ನು ಈ ತಿಂಗಳ ಹದಿನೈದನೆಯ ತಾರೀಖಿನೊಳಗೆ ಕಳಿಸಬೇಕಂತೆ, ಇಲ್ಲದಿದ್ದರೆ ಬುಕಿಂಗು ಬಿದ್ದುಹೋಗುತ್ತದೆ. ಬಲವಂತವಿಲ್ಲ. ನಂಬರ್ ಬರಲಿಲ್ಲವೆಂದರೆ ಅರವತ್ತು ರೊಟ್ಟಿಯನ್ನು ಇಲ್ಲೇ ಕೂತು ತಿನ್ನುತ್ತೇವೆ, ನಿನ್ನ ಮೇಲೆ ಬೇಸರ ಮಾಡುವುದಿಲ್ಲ.

ನಂಬರ್ ಬಂದರೆ ಮಾತ್ರ ಒಂದು ಮಾತು ನೆನಪಿಟ್ಟುಕೋ. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಾನು ಇಲ್ಲಿಯತನಕ ಕಣ್ಣು ಮುಚ್ಚಿದವನಲ್ಲ, ನಿನ್ನ ತಮ್ಮನ ಗಾಡಿಯಲ್ಲೂ ಇಲ್ಲ. ಕೊನೆಯ ದಿನ, ಜಬಿರು ಬಿಟ್ಟ ಮೇಲೆ, ಎರಡು ಸೀಟಿ ಊದಿ ಡಾರ್ವಿನ್ ಮುಟ್ಟುವತನಕ ನಾನು ನಿದ್ದೆ ಮಾಡುವವನಿದ್ದೇನೆ.

ಶಿವ ನಿನ್ನ ಕಣ್ಣಿಗೆ ಬೆಳಕು, ಕೈಗೆ ನಿಧಾನ ಕೊಡಲಿ.

ನಿನ್ನ ಗಾಡಿಯ ಕಂಡಕ್ಟರ್,
ಅಪ್ಪ ಪಂಚಾಕ್ಷರಯ್ಯ